ಗಣಕವು ಗುರುತಿಸದ ಡಿಸ್ಕು: ಯು.ಎಸ್.ಬಿ. ಸಂಪರ್ಕದ ದೋಷವನ್ನು ಹುಡುಕುವ ಕ್ರಮ

ರೋಗಿಯನ್ನು ಕಂಡೊಡನೆ ಮದ್ದು ಅರೆಯತೊಡಗುವ ವೈದ್ಯನನ್ನು ಯಾರೂ ಮೆಚ್ಚುವುದಿಲ್ಲ. ನಾಡಿ ಹಿಡಿದು, ನಾಲಗೆ ನೋಡಿ, ರೋಗಿಯು ಆಡುವ ಮಾತನ್ನು ಸಾವಧಾನದಿಂದ ಕೇಳಿ, ಅನಂತರ ಔಷಧವನ್ನು ಹೇಳತಕ್ಕವನೇ ವೈದ್ಯನು. ಆದರೆ ಯಂತ್ರವೊಂದು ಕೆಟ್ಟಿತೆಂದರೆ ಈ ವಿವೇಕವು ನಮ್ಮಲ್ಲಿ ಬಹುಮಂದಿಗೆ ಮರೆತುಹೋಗುತ್ತದೆ. ಅಲುಗಾಡಿಸುತ್ತೇವೆ, ಕಿತ್ತು ಮತ್ತೆ ಸಿಕ್ಕಿಸುತ್ತೇವೆ, ತೆರೆಯ ಮೇಲೆ ಕಂಡ ಮೊದಲ ಗುಂಡಿಯನ್ನು ಒತ್ತುತ್ತೇವೆ. ಕೊನೆಗೆ ‘ಹಾಳಾಗಿದೆ’ ಎಂದು ತೀರ್ಪುಕೊಟ್ಟು ಮೂಲೆಗೆ ಸೇರಿಸುತ್ತೇವೆ. ಹೀಗೆ ತೀರ್ಪು ಪಡೆದ ಉಪಕರಣಗಳಲ್ಲಿ ಎಷ್ಟೋ ನಿಜವಾಗಿ ನಿರ್ದೋಷಿಗಳಾಗಿರುತ್ತವೆ. ಕಳೆದ ಮಳೆಗಾಲದಲ್ಲಿ ನಮ್ಮ ಶಾಲೆಯಲ್ಲಿ ಇಂಥದೊಂದು ಪ್ರಸಂಗ ನಡೆಯಿತು. ಅದರಿಂದ ನಾವು ಕಲಿತ ಪಾಠವನ್ನು ವಿದ್ಯಾರ್ಥಿಗಳ ಉಪಯೋಗಕ್ಕಾಗಿ ಇಲ್ಲಿ ಕ್ರಮವಾಗಿ ನಿರೂಪಿಸುತ್ತೇವೆ.

ನಡೆದ ಸಂಗತಿ

ನಮ್ಮ ವಾಚನಾಲಯದ ಒಂದು ಮೂಲೆಯಲ್ಲಿ ಅಂಗೈಯಗಲದ ಗಣಕಫಲಕವೊಂದೂ, ಕೇಬಲ್ಲಿನಿಂದ ಅದಕ್ಕೆ ಜೋಡಿಸಿದ ಹಾರ್ಡ್ ಡಿಸ್ಕೊಂದೂ ಇರುವುದನ್ನು ಶಾಲೆಗೆ ಬಂದವರು ನೋಡಿರಬಹುದು. ಮೂರು ಬೇಸಗೆ ರಜೆಗಳಲ್ಲಿ ನಮ್ಮ ಮೇಲಿನ ತರಗತಿಗಳ ಮಕ್ಕಳು ಮನೆಮನೆಗೆ ಹೋಗಿ, ಊರ ಹಿರಿಯರ ಮಾತುಗಳನ್ನು ಧ್ವನಿಮುದ್ರಿಸಿ ತಂದು ಆ ಡಿಸ್ಕಿನಲ್ಲಿ ಇರಿಸಿದ್ದರು. ಅಡಿಕೆತೋಟದ ಕೆಲಸದ ಮಾತು, ತಾಳಮದ್ದಳೆಯ ನೆನಪು, ಮದುವೆಮನೆಯ ಹಾಡು ಮೊದಲಾದುವೆಲ್ಲ ಅದರಲ್ಲಿದ್ದುವು. ಕೆಂಪುಕಲ್ಲಿನ ಗುಡ್ಡದೊಳಕ್ಕೆ ಅಡ್ಡಲಾಗಿ ಸುರಂಗ ಕೊರೆದು ನೀರು ತರುವ ವಿದ್ಯೆ ನಮ್ಮ ಕಾಸರಗೋಡಿನ ಕಡೆ ಪ್ರಸಿದ್ಧವಾದುದಷ್ಟೆ. ಅಂಥ ಸುರಂಗಗಳನ್ನು ತಮ್ಮ ಕೈಯಾರೆ ಕೊರೆದ ವೃದ್ಧರೊಬ್ಬರು, ನೀರಿನ ಜಾಡನ್ನು ಹೇಗೆ ಕಂಡುಕೊಳ್ಳುತ್ತಿದ್ದೆವೆಂಬುದನ್ನು ಒಂದು ಗಂಟೆಯ ಕಾಲ ವಿವರಿಸಿದ್ದರು. ಮರುವರ್ಷವೇ ಅವರು ಕಾಲವಾದರು. ಇಷ್ಟು ಬೆಲೆಯುಳ್ಳ ಸಂಗ್ರಹಕ್ಕೆ ಎರಡನೆಯ ಪ್ರತಿಯನ್ನು ಮಾಡಿಸದೆ ಇದ್ದುದು ನಮ್ಮ ಅಪರಾಧವೇ ಸರಿ.

ಜುಲೈ ತಿಂಗಳ ಒಂದು ದಿನ ಗಣಕವು ಆ ಡಿಸ್ಕನ್ನು ಗುರುತಿಸಲಿಲ್ಲ. ಡಿಸ್ಕಿನ ದೀಪವು ಮಿನುಗುವುದು, ಆರುವುದು, ಮತ್ತೆ ಮಿನುಗುವುದು, ಇಷ್ಟೆ. ಅವಸರದಲ್ಲಿ ಅದನ್ನು ಕಚೇರಿಯ ಬೇರೊಂದು ಗಣಕಕ್ಕೆ ಜೋಡಿಸಿದೆವು. ಆ ಗಣಕವು ಲಿನಕ್ಸಲ್ಲದ ಬೇರೆ ವ್ಯವಸ್ಥೆಯಿಂದ ನಡೆಯತಕ್ಕದ್ದು. ಅದು, ‘ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು; ಮಾಡಲೆ?’ ಎಂದು ಕೇಳಿತು. ಫಾರ್ಮ್ಯಾಟ್ ಮಾಡುವುದೆಂದರೆ ಹಳೆಯ ಬರಹದ ಸೂಚಿಯನ್ನು ಅಳಿಸಿ ಹೊಸ ಹಲಗೆಯಂತೆ ಸಿದ್ಧಪಡಿಸುವುದು. ‘ಹೌದು’ ಎಂಬ ಗುಂಡಿಯ ಮೇಲೆ ಒಬ್ಬರ ಬೆರಳು ಇದ್ದೇ ಇತ್ತು. ಹತ್ತನೆಯ ತರಗತಿಯ ಹುಡುಗಿಯೊಬ್ಬಳು, ‘ಮೊದಲು ಲಿನಕ್ಸಿನವರನ್ನೇ ಕೇಳೋಣ’ ಎಂದುದರಿಂದ ಆ ಬೆರಳು ಹಿಂದೆ ಸರಿಯಿತು. ಆ ಮಾತಿನ ಅರ್ಥವನ್ನು ಬಿಡಿಸುವುದೇ ಈ ಲೇಖನದ ಉದ್ದೇಶ.

ಫಲಕ, ವ್ಯವಸ್ಥೆ ಮತ್ತು ಸಂಪರ್ಕ

ಮೊದಲು ಪಾತ್ರಧಾರಿಗಳ ಪರಿಚಯವಾಗಬೇಕು. ಒಂದೇ ಫಲಕದ ಮೇಲೆ ಸಂಸ್ಕಾರಕ, ಸ್ಮರಣೆ, ಜೋಡಣೆಯ ದ್ವಾರಗಳು ಎಲ್ಲವನ್ನೂ ಅಳವಡಿಸಿದ ಗಣಕವನ್ನು ಏಕಫಲಕ ಗಣಕವೆನ್ನುತ್ತಾರೆ. ಇವುಗಳಲ್ಲಿ ಹೆಸರಾದುದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ರೂಪುಗೊಂಡ ರಾಸ್ಪ್‌ಬೆರಿ ಪೈ. ಶಾಲಾಬಾಲಕರು ಗಣಕವಿದ್ಯೆಯನ್ನು ಕೈಯಿಂದ ಮಾಡಿ ಕಲಿಯಲಿ ಎಂಬ ಆಶಯದಿಂದ ಇದು 2012ನೆಯ ಫೆಬ್ರವರಿ 29ರಂದು ಮಾರಾಟಕ್ಕೆ ಬಂದಿತು. ನಮ್ಮಲ್ಲಿರುವುದು 2019ರ ಜೂನಿನಲ್ಲಿ ಹೊರಬಂದ ನಾಲ್ಕನೆಯ ಮಾದರಿ. ಇದನ್ನು ನಡೆಸುವ ಲಿನಕ್ಸ್ ವ್ಯವಸ್ಥೆಯ ತಿರುಳನ್ನು ಲಿನಸ್ ಟೋರ್ವಾಲ್ಡ್ಸ್ ಎಂಬವರು 1991ರಲ್ಲಿ, ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ ರಚಿಸಿದರು. ಆ ತಿರುಳಿಗೆ ಕರ್ನೆಲ್ ಎಂದು ಹೆಸರು. ಕೇರಳದ ಸರಕಾರಿ ಮತ್ತು ಅನುದಾನಿತ ಶಾಲೆಗಳ ಗಣಕಕೊಠಡಿಗಳಲ್ಲಿ ಬಹುವರ್ಷಗಳಿಂದ ಲಿನಕ್ಸೇ ಬಳಕೆಯಲ್ಲಿರುವುದರಿಂದ ನಮ್ಮ ಮಕ್ಕಳಿಗೆ ಇದು ಅಪರಿಚಿತವಲ್ಲ.

ಇನ್ನು ಯು.ಎಸ್.ಬಿ. ಹಿಂದೆ ಕೀಲಿಮಣೆಗೊಂದು, ಮುದ್ರಣಯಂತ್ರಕ್ಕೊಂದು, ಮೌಸಿಗೊಂದು, ಹೀಗೆ ಉಪಕರಣಕ್ಕೊಂದು ಬಗೆಯ ದ್ವಾರವಿದ್ದು ಬಳಸುವವರು ಬಹಳ ತೊಂದರೆಪಡುತ್ತಿದ್ದರು. ಏಳು ಸಂಸ್ಥೆಗಳು ಕೂಡಿ ಎಲ್ಲಕ್ಕೂ ಒಂದೇ ದ್ವಾರವಿರಬೇಕೆಂದು ನಿಶ್ಚಯಿಸಿ, 1996ರ ಜನವರಿಯಲ್ಲಿ ಇದರ ಮೊದಲ ನಿಯಮಾವಳಿಯನ್ನು ಪ್ರಕಟಿಸಿದುವು. ಈ ಕಾರ್ಯದಲ್ಲಿ ಪ್ರಮುಖರಾಗಿದ್ದವರಲ್ಲಿ ವಡೋದರದಲ್ಲಿ ಹುಟ್ಟಿ ಅಮೆರಿಕಕ್ಕೆ ತೆರಳಿದ ಅಜಯ ಭಟ್ ಎಂಬ ಯಂತ್ರಜ್ಞರೂ ಒಬ್ಬರು. 2000ದಲ್ಲಿ ಎರಡನೆಯ ಆವೃತ್ತಿಯೂ, 2008ರಲ್ಲಿ ಮೂರನೆಯದೂ ಬಂದುವು. ನಮ್ಮ ಫಲಕದಲ್ಲಿ ನಾಲ್ಕು ದ್ವಾರಗಳಿವೆ: ಕಪ್ಪುಬಣ್ಣದ ಎರಡು ಎರಡನೆಯ ಆವೃತ್ತಿಯವು, ನೀಲಿಬಣ್ಣದ ಎರಡು ಮೂರನೆಯ ಆವೃತ್ತಿಯವು.

ಎರಡನೆಯ ಆವೃತ್ತಿಯ ಕೇಬಲ್ಲಿನೊಳಗೆ ನಾಲ್ಕು ತಂತಿಗಳು. ಕೆಂಪು ತಂತಿಯು 5 ವೋಲ್ಟ್ ವಿದ್ಯುತ್ತನ್ನು ಒಯ್ಯುತ್ತದೆ. ಕಪ್ಪು ತಂತಿಯು ಅದು ಮರಳುವ ದಾರಿ. ಹಸುರು ಮತ್ತು ಬಿಳಿಯ ತಂತಿಗಳು ಜೋಡಿಯಾಗಿ ಸಂದೇಶವನ್ನು ಸಾಗಿಸುತ್ತವೆ. ಮೂರನೆಯ ಆವೃತ್ತಿಯ ಕೇಬಲ್ಲಿನಲ್ಲಿ ಈ ನಾಲ್ಕರ ಜೊತೆಗೆ ವೇಗವಾದ ಸಂದೇಶಕ್ಕಾಗಿ ಬೇರೆ ತಂತಿಗಳಿವೆ. ಅಂದಮೇಲೆ ಒಂದೇ ಕೇಬಲ್ಲಿನಲ್ಲಿ ಅನ್ನವೂ ಮಾತೂ ಎರಡೂ ಹೋಗುತ್ತವೆಂದಾಯಿತು. ಅನ್ನ ಕಡಮೆಯಾದವನ ಮಾತು ತೊದಲುವುದು ಸಹಜ. ದೋಷಗಳಲ್ಲಿ ಬಹುಪಾಲು ಈ ಒಂದು ವಾಕ್ಯದಲ್ಲಿ ಅಡಗಿದೆ.

ಪರಿಚಯದ ಕ್ರಮ

ಉಪಕರಣವನ್ನು ಸಿಕ್ಕಿಸಿದ ಕ್ಷಣದಲ್ಲಿ ಏನು ನಡೆಯುತ್ತದೆ? ಹೊಸ ಅತಿಥಿ ಮನೆಗೆ ಬಂದಂತೆಯೇ ಇದೂ. ಎರಡನೆಯ ಆವೃತ್ತಿಯ ರೀತಿಯನ್ನು ಹೇಳುವುದಾದರೆ, ಮೊದಲು ಉಪಕರಣವು ಸಂದೇಶದ ತಂತಿಗಳಲ್ಲಿ ಒಂದನ್ನು 1,500 ಓಮ್ ರೋಧದ ಮೂಲಕ ಮೇಲಕ್ಕೆಳೆಯುತ್ತದೆ. ಇದು ಬಾಗಿಲು ತಟ್ಟಿದ ಹಾಗೆ. ಗಣಕವು ಅದನ್ನು ಗಮನಿಸಿ ಆ ದ್ವಾರವನ್ನು ಒಮ್ಮೆ ಸಮಸ್ಥಿತಿಗೆ ತಂದು, ಬಂದ ಉಪಕರಣಕ್ಕೆ 1ರಿಂದ 127ರ ವರೆಗಿನ ಒಂದು ವಿಳಾಸಸಂಖ್ಯೆಯನ್ನು ಕೊಡುತ್ತದೆ. ಬಳಿಕ, ‘ನೀನಾರು?’ ಎಂದು ಕೇಳುತ್ತದೆ. ಉಪಕರಣವು 18 ಬೈಟುಗಳ ಪರಿಚಯಪತ್ರವೊಂದನ್ನು ಕಳುಹಿಸುತ್ತದೆ. ತಯಾರಕರ ಸಂಖ್ಯೆ, ವಸ್ತುವಿನ ಸಂಖ್ಯೆ ಮೊದಲಾದುವು ಅದರಲ್ಲಿರುತ್ತವೆ. ಆಮೇಲೆ ಕರ್ನೆಲ್ ಆ ಜಾತಿಯ ಉಪಕರಣವನ್ನು ನಡೆಸಬಲ್ಲ ಚಾಲಕವನ್ನು ಹುಡುಕಿ ಜೋಡಿಸುತ್ತದೆ. ಉಪಕರಣವು ಡಿಸ್ಕಾಗಿದ್ದರೆ ಅದರೊಳಗಿನ ಕಡತವ್ಯವಸ್ಥೆಯನ್ನು ಓದಿ, ನಮ್ಮ ಕಡತಗಳ ಮರಕ್ಕೆ ಒಂದು ಕೊಂಬೆಯಾಗಿ ಕಸಿ ಕಟ್ಟಬೇಕು. ಕೊನೆಯದಾಗಿ, ಬಳಸುವವನಿಗೆ ಅದನ್ನು ಮುಟ್ಟಲು ಅನುಮತಿಯಿರಬೇಕು.

ಹೀಗೆ ವಿದ್ಯುತ್ತು, ತಂತಿ, ಪರಿಚಯ, ಚಾಲಕ, ಕಡತವ್ಯವಸ್ಥೆ, ಅನುಮತಿ ಎಂಬ ಆರು ಮೆಟ್ಟಿಲುಗಳಾದುವು. ‘ಗುರುತಿಸುವುದಿಲ್ಲ’ ಎಂಬ ಒಂದೇ ದೂರು ಈ ಆರರಲ್ಲಿ ಯಾವ ಮೆಟ್ಟಿಲಲ್ಲಿ ಮುಗ್ಗರಿಸಿದರೂ ಬರುತ್ತದೆ. ಗುರುತು ಸಿಗದಿರುವುದು ಬೇರೆ, ವಸ್ತುವೇ ಇಲ್ಲದಿರುವುದು ಬೇರೆ. ಯಾವ ಮೆಟ್ಟಿಲಿನ ವರೆಗೆ ಅತಿಥಿ ಬಂದಿದ್ದಾನೆಂಬುದನ್ನು ತಿಳಿಯುವುದೇ ದೋಷಶೋಧನೆಯ ಸಾರ.

ಸಾಕ್ಷ್ಯವನ್ನು ಕೇಳುವುದು

ಲಿನಕ್ಸಿನ ಒಂದು ದೊಡ್ಡ ಗುಣವೆಂದರೆ ಅದು ತಾನು ಕಂಡುದನ್ನೆಲ್ಲ ದಿನಚರಿಯಂತೆ ಬರೆದಿಡುತ್ತದೆ. ಕೇಳಿದವರಿಗೆ ಹೇಳುತ್ತದೆ; ಕೇಳದವರಿಗೆ ಸುಮ್ಮನಿರುತ್ತದೆ. ಕೇಳತಕ್ಕ ಆಜ್ಞೆಗಳನ್ನು ರೋಮನ್ ಲಿಪಿಯ ಸಣ್ಣಕ್ಷರಗಳಲ್ಲಿ ಬೆರಳಚ್ಚಿಸಬೇಕು. ಅವುಗಳ ಅಕ್ಷರಗಳನ್ನು ಇಲ್ಲಿ ಒಂದೊಂದಾಗಿ ಹೇಳುತ್ತೇವೆ.

ಮೊದಲ ಆಜ್ಞೆ ಎಲ್, ಎಸ್, ಯು, ಎಸ್, ಬಿ ಎಂಬ ಐದಕ್ಷರಗಳದು. ಪರಿಚಯಪತ್ರ ಕೊಟ್ಟ ಉಪಕರಣಗಳ ಪಟ್ಟಿಯನ್ನು ಇದು ತೋರಿಸುತ್ತದೆ. ಪ್ರತಿಯೊಂದರ ಮುಂದೆಯೂ ತಯಾರಕರ ಮತ್ತು ವಸ್ತುವಿನ ಸಂಖ್ಯೆಗಳು ನಾಲ್ಕು ನಾಲ್ಕು ಅಂಕಗಳಲ್ಲಿರುತ್ತವೆ. ಏನನ್ನೂ ಸಿಕ್ಕಿಸದಿದ್ದಾಗಲೂ ‘1ಡಿ6ಬಿ’ ಎಂದು ಆರಂಭವಾಗುವ ಸಾಲುಗಳು ಕಾಣುತ್ತವೆ. ಅವು ಗಣಕದ ಸ್ವಂತ ಮೂಲದ್ವಾರಗಳು. ಅವನ್ನು ಕಂಡು ನಮ್ಮ ಉಪಕರಣವೆಂದು ಭ್ರಮಿಸಬಾರದು. ಉಪಕರಣವಿಲ್ಲದಾಗ ಒಮ್ಮೆ, ಇದ್ದಾಗ ಒಮ್ಮೆ ಈ ಆಜ್ಞೆಯನ್ನು ಕೊಟ್ಟು ಹೋಲಿಸಿ ನೋಡುವುದು ಉತ್ತಮ. ಪಟ್ಟಿಯಲ್ಲಿ ಹೊಸ ಸಾಲು ಬಂದಿದ್ದರೆ ಮೊದಲ ಮೂರು ಮೆಟ್ಟಿಲುಗಳನ್ನು ಅತಿಥಿಯು ದಾಟಿದನೆಂದು ತಿಳಿಯಬಹುದು. ಬಾರದಿದ್ದರೆ ದೋಷವು ವಿದ್ಯುತ್ತಿನಲ್ಲಿಯೋ ತಂತಿಯಲ್ಲಿಯೋ ಉಪಕರಣದಲ್ಲಿಯೋ ಇದೆ. ಚಾಲಕವನ್ನು ಹುಡುಕಿ ಕಾಲಹರಣ ಮಾಡಬೇಕಾದುದಿಲ್ಲ.

ಎರಡನೆಯ ಆಜ್ಞೆ ಡಿ, ಎಂ, ಇ, ಎಸ್, ಜಿ. ಇದು ಕರ್ನೆಲಿನ ದಿನಚರಿ. ಇದರ ಬಳಿಕ ಒಂದು ತೆರಪು ಬಿಟ್ಟು, ಅಡ್ಡಗೆರೆ ಮತ್ತು ಡಬ್ಲ್ಯು ಅಕ್ಷರವನ್ನು ಸೇರಿಸಿದರೆ ಸಂಗತಿಗಳು ನಡೆದಂತೆಲ್ಲ ತೆರೆಯ ಮೇಲೆ ಮೂಡುತ್ತವೆ. ಕೆಲವೆಡೆ ಅಧಿಕಾರಕ್ಕಾಗಿ ‘ಸುಡೊ’ ಎಂಬ ಪದವನ್ನು ಮುಂದಿಡಬೇಕಾಗುತ್ತದೆ. ಇದನ್ನು ತೆರೆದಿಟ್ಟುಕೊಂಡು ಉಪಕರಣವನ್ನು ಸಿಕ್ಕಿಸಿ ನೋಡಬೇಕು. ಒಂದು ಸಾಲೂ ಮೂಡದಿದ್ದರೆ ಬಾಗಿಲು ತಟ್ಟಿದ ಸದ್ದೇ ಕೇಳಲಿಲ್ಲವೆಂದರ್ಥ. ‘ಪರಿಚಯಪತ್ರ ಓದುವಾಗ ದೋಷ, ಋಣ 71’ ಎಂಬ ಅಭಿಪ್ರಾಯದ ಸಾಲು ಬಂದರೆ ಮಾತು ಕೇಳಿಸಿತು, ಆದರೆ ತೊದಲಿತು. ‘ಋಣ 110’ ಎಂದಿದ್ದರೆ ಕಾದರೂ ಉತ್ತರ ಬರಲಿಲ್ಲ. ಈ ಎರಡು ಅಂಕೆಗಳನ್ನು ಕಂಡಾಗ ಮೊದಲು ಸಂಶಯಿಸತಕ್ಕುದು ಕೇಬಲ್ಲನ್ನು ಮತ್ತು ವಿದ್ಯುತ್ತನ್ನು.

ನಮ್ಮ ಡಿಸ್ಕಿನ ವಿಷಯದಲ್ಲಿ ದಿನಚರಿ ಹೇಳಿದುದು ಇದು: ‘ಹೊಸ ಉಪಕರಣ, ಸಂಖ್ಯೆ 2’, ಕೆಲವು ಸೆಕೆಂಡುಗಳಲ್ಲಿ ‘ಸಂಪರ್ಕ ಕಡಿಯಿತು, ಸಂಖ್ಯೆ 2’, ಮತ್ತೆ ‘ಹೊಸ ಉಪಕರಣ, ಸಂಖ್ಯೆ 3’, ಮತ್ತೆ ‘ಸಂಪರ್ಕ ಕಡಿಯಿತು’, ಬಳಿಕ 4, 5, 6. ಸಂಖ್ಯೆಯು ಏರುತ್ತ ಹೋಗುವುದನ್ನು ಗಮನಿಸಿರಿ. ಕೈಯಿಂದ ಯಾರೂ ಕೀಳದೆಯೇ ಅತಿಥಿಯು ಒಳಬರುತ್ತಿದ್ದಾನೆ, ಹೆಸರು ಹೇಳುತ್ತಿದ್ದಾನೆ, ತಲೆಸುತ್ತಿ ಬೀಳುತ್ತಿದ್ದಾನೆ. ಎದ್ದು ಮತ್ತೆ ಬಾಗಿಲು ತಟ್ಟುತ್ತಿದ್ದಾನೆ. ಸತ್ತವನು ಹೀಗೆ ಮಾಡಲಾರನು. ಆ ಸಾಲುಗಳ ನಡುವೆ ಇನ್ನೊಂದು ಸಾಲಿತ್ತು: ‘ಕಡಮೆ ವೋಲ್ಟೇಜು ಕಂಡುಬಂದಿದೆ’. ಸಾಕ್ಷಿ ದೊರೆಯಿತು.

ವಿದ್ಯುತ್ತಿನ ಲೆಕ್ಕ

ರಾಸ್ಪ್‌ಬೆರಿ ಪೈಯಲ್ಲಿ ಈ ಸಂಶಯವನ್ನು ಪರೀಕ್ಷಿಸಲು ಪ್ರತ್ಯೇಕ ಆಜ್ಞೆಯೊಂದುಂಟು: ‘ವಿಸಿಜೆನ್‌ಸಿಎಂಡಿ’ ಎಂಬ ಪದ, ಒಂದು ತೆರಪು, ‘ಗೆಟ್’ ಮತ್ತು ‘ಥ್ರಾಟಲ್ಡ್’ ಎಂಬ ಎರಡು ಪದಗಳು ಕೆಳಗೆರೆಯಿಂದ ಕೂಡಿ. ಉತ್ತರವು 0ಎಕ್ಸ್ ಎಂದು ಆರಂಭವಾಗುವ ಒಂದು ಸಂಖ್ಯೆ. ಅದರ ಬಳಿಕ ಬರಿಯ ಸೊನ್ನೆಯಿದ್ದರೆ ಕ್ಷೇಮ. ನಮಗೆ ಬಂದುದು 50005. ಇದನ್ನು ಬಿಡಿಸುವುದು ಕಷ್ಟವಲ್ಲ. ಬಲತುದಿಯ 5ರಲ್ಲಿ 1 ಮತ್ತು 4 ಸೇರಿವೆ. 1 ಎಂದರೆ ಈಗ ವೋಲ್ಟೇಜು ಕಡಮೆಯಿದೆ. 4 ಎಂದರೆ ಆ ಕಾರಣದಿಂದ ಗಣಕವು ತನ್ನ ವೇಗವನ್ನು ತಗ್ಗಿಸಿಕೊಂಡಿದೆ. ಎಡತುದಿಯ 5 ಇವೇ ಎರಡು ಸಂಗತಿಗಳು ಗಣಕವನ್ನು ಆರಂಭಿಸಿದಂದಿನಿಂದ ಎಂದಾದರೂ ನಡೆದಿದ್ದರೆ ಉಳಿಯುವ ಗುರುತು. ಡಿಸ್ಕನ್ನು ಕಿತ್ತು ಮತ್ತೆ ಕೇಳಿದಾಗ 50000 ಎಂಬ ಉತ್ತರ ಬಂದಿತು: ಈಗ ಸರಿಯಾಗಿದೆ, ಹಿಂದೆ ಆಗಿತ್ತು.

ಯಾಕೆ ಹೀಗಾಯಿತು? ವಿಚಾರಿಸಿದಾಗ, ಗಣಕದ ಜೊತೆಗೆ ಬಂದಿದ್ದ ವಿದ್ಯುತ್ ಪೂರಕವನ್ನು ಯಾರೋ ಬೇರೆ ಕೆಲಸಕ್ಕೆ ಒಯ್ದು, ಅದರ ಸ್ಥಾನದಲ್ಲಿ ಮೊಬೈಲಿನ ಚಾರ್ಜರನ್ನೂ ತೆಳ್ಳನೆಯ ಕೇಬಲ್ಲನ್ನೂ ಇಟ್ಟಿದ್ದರೆಂದು ತಿಳಿಯಿತು. ಚಾರ್ಜರಿನ ಮೇಲೆ 5 ವೋಲ್ಟ್, 3 ಆಂಪಿಯರ್ ಎಂದೇ ಬರೆದಿತ್ತು. ಗಣಕಕ್ಕೆ ಬೇಕಾದುದೂ ಅಷ್ಟೇ. ಹಾಗಾದರೆ ಕೊರತೆ ಎಲ್ಲಿ? ಒಂಬತ್ತನೆಯ ತರಗತಿಯ ವಿದ್ಯಾರ್ಥಿಯು ಓಮನ ನಿಯಮದಿಂದ ಇದನ್ನು ಬಿಡಿಸಬಲ್ಲನು.

28 ಗೇಜಿನ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.21 ಓಮ್ ರೋಧವುಂಟು. ಕೇಬಲ್ಲು ಒಂದು ಮೀಟರಿನದಾದರೂ ವಿದ್ಯುತ್ತು ಹೋಗಿ ಬರುವ ದಾರಿ ಎರಡು ಮೀಟರು. ಆದಕಾರಣ ರೋಧವು 0.42 ಓಮ್. ಡಿಸ್ಕಿಲ್ಲದಾಗ ಫಲಕವು ಸುಮಾರು 0.6 ಆಂಪಿಯರ್ ಎಳೆಯುತ್ತದೆನ್ನೋಣ. ದಾರಿಯಲ್ಲಿ ನಷ್ಟವಾಗುವ ವೋಲ್ಟೇಜು 0.6 ಗುಣಿಸು 0.42, ಅಂದರೆ ಸುಮಾರು 0.25. ಫಲಕಕ್ಕೆ ತಲಪುವುದು 4.75 ವೋಲ್ಟ್. ಡಿಸ್ಕು ಇನ್ನೊಂದು 0.6 ಆಂಪಿಯರ್ ಕೇಳಿದರೆ ಒಟ್ಟು 1.2, ನಷ್ಟ 0.5, ಉಳಿಯುವುದು 4.5 ವೋಲ್ಟ್ ಮಾತ್ರ. ಫಲಕವು ಎಚ್ಚರಿಕೆ ಕೊಡುವ ಮಿತಿ ಸುಮಾರು 4.63 ವೋಲ್ಟ್. ಆದುದರಿಂದ ಡಿಸ್ಕಿಲ್ಲದಾಗ ಎಲ್ಲವೂ ಸರಿಯಿದ್ದು, ಡಿಸ್ಕು ಬಂದೊಡನೆ ಎಲ್ಲವೂ ಕೆಡುತ್ತಿತ್ತು. ನೋಡುವವರಿಗೆ ಡಿಸ್ಕೇ ಅಪರಾಧಿಯೆಂದು ತೋರಿದುದರಲ್ಲಿ ಆಶ್ಚರ್ಯವೇನು? ಇದೇ ಉದ್ದದ 24 ಗೇಜಿನ ದಪ್ಪ ತಂತಿಯಾಗಿದ್ದರೆ ಎರಡು ಮೀಟರಿಗೆ ರೋಧವು ಸುಮಾರು 0.17 ಓಮ್, ನಷ್ಟ 0.2, ತಲಪುವುದು 4.8 ವೋಲ್ಟ್. ಗೇಜಿನ ಅಂಕೆ ಚಿಕ್ಕದಾದಷ್ಟೂ ತಂತಿ ದಪ್ಪವೆಂಬುದನ್ನು ನೆನಪಿಡಬೇಕು.

ಹಳೆಯ ಪೂರಕವನ್ನು ಅದರ ದಪ್ಪ ಕೇಬಲ್ಲಿನೊಡನೆ ತಂದು ಜೋಡಿಸಿದೆವು. ಗಣಕವನ್ನು ಮತ್ತೆ ಆರಂಭಿಸಿ ಕೇಳಿದಾಗ ಉತ್ತರ ಸೊನ್ನೆಯಾಗಿತ್ತು. ದಿನಚರಿಯಲ್ಲಿ ‘ಹೊಸ ಉಪಕರಣ, ಸಂಖ್ಯೆ 2’ ಎಂಬ ಸಾಲು ಒಮ್ಮೆ ಬಂದುದು ಬಂದೇ ನಿಂತಿತು.

ಇದಕ್ಕೆ ಸಂಬಂಧಿಸಿ ಇನ್ನೊಂದು ಅಂಶವನ್ನು ತಿಳಿದಿರಬೇಕು. ಒಂದು ದ್ವಾರದಿಂದ ಉಪಕರಣವು ಪಡೆಯಬಹುದಾದ ವಿದ್ಯುತ್ತಿಗೆ ಎರಡನೆಯ ಆವೃತ್ತಿಯಲ್ಲಿ 500, ಮೂರನೆಯದರಲ್ಲಿ 900 ಮಿಲಿಆಂಪಿಯರ್ ಎಂದು ನಿಯಮವಿದೆ. ಆದರೆ ನಮ್ಮ ನಾಲ್ಕನೆಯ ಮಾದರಿಯ ಫಲಕದಲ್ಲಿ ನಾಲ್ಕು ದ್ವಾರಗಳೂ ಸೇರಿ 1,200 ಮಿಲಿಆಂಪಿಯರನ್ನಷ್ಟೆ ಹಂಚಿಕೊಳ್ಳಬೇಕು. ಎರಡು ಡಿಸ್ಕುಗಳನ್ನು ಜೋಡಿಸಬೇಕಾದರೆ, ಗೋಡೆಯಿಂದ ಸ್ವಂತವಾಗಿ ವಿದ್ಯುತ್ತನ್ನು ಪಡೆಯುವ ಹಬ್ಬನ್ನು ನಡುವೆ ಇಡುವುದೇ ಕ್ಷೇಮ.

ಕೇಬಲ್ಲು, ದ್ವಾರ, ಚಾಲಕ

ವಿದ್ಯುತ್ತು ಸರಿಯಿದ್ದೂ ಉಪಕರಣ ಕಾಣದಿದ್ದರೆ ಮುಂದಿನ ಮೆಟ್ಟಿಲಿಗೆ ಹೋಗಬೇಕು. ಮೊಬೈಲನ್ನು ಚಾರ್ಜುಮಾಡಲೆಂದೇ ಮಾಡಿದ ಕೆಲವು ಕೇಬಲ್ಲುಗಳಲ್ಲಿ ಹಸುರು ಮತ್ತು ಬಿಳಿಯ ತಂತಿಗಳು ಇರುವುದೇ ಇಲ್ಲ. ಅವು ಅನ್ನವನ್ನು ಒಯ್ಯುತ್ತವೆ, ಮಾತನ್ನು ಒಯ್ಯುವುದಿಲ್ಲ. ದೀಪ ಉರಿಯುತ್ತಿದ್ದರೂ ದಿನಚರಿಯಲ್ಲಿ ಒಂದು ಸಾಲೂ ಮೂಡದಿದ್ದರೆ ಈ ಬಗೆಯ ಕೇಬಲ್ಲೆಂದು ಸಂಶಯಿಸಬೇಕು. ರಾಸ್ಪ್‌ಬೆರಿ ಪೈ ಝೀರೋ ಎಂಬ ಚಿಕ್ಕ ಫಲಕದಲ್ಲಿ ಒಂದೇ ಆಕಾರದ ಎರಡು ದ್ವಾರಗಳಿವೆ. ಒಂದು ವಿದ್ಯುತ್ತಿಗೆ ಮಾತ್ರ, ಇನ್ನೊಂದು ಉಪಕರಣಗಳಿಗೆ. ಅವು ಅದಲುಬದಲಾದರೆ ಎಷ್ಟು ಹೊತ್ತು ಕಾದರೂ ಫಲವಿಲ್ಲ.

ಇಲ್ಲಿ ಪಾಲಿಸಬೇಕಾದ ನಿಯಮವೊಂದೇ: ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಕೇಬಲ್ಲು, ದ್ವಾರ, ಪೂರಕ ಮೂರನ್ನೂ ಒಟ್ಟಿಗೆ ಬದಲಾಯಿಸಿದಾಗ ಉಪಕರಣ ಸರಿಹೋದರೂ ಕಾರಣ ತಿಳಿಯಲಿಲ್ಲ. ಕಾರಣ ತಿಳಿಯದ ಗುಣವು ನಾಳೆ ಮತ್ತೆ ರೋಗವಾಗಬಹುದು. ಸರಿಯೆಂದು ಗೊತ್ತಿರುವ ಕೀಲಿಮಣೆಯೊಂದನ್ನು ಅದೇ ದ್ವಾರಕ್ಕೆ ಸಿಕ್ಕಿಸಿ ನೋಡಿದರೆ ದ್ವಾರದ ಯೋಗ್ಯತೆ ತಿಳಿಯುತ್ತದೆ.

ಪರಿಚಯವಾದರೂ ಕೆಲಸ ನಡೆಯದಿದ್ದರೆ ಚಾಲಕವನ್ನು ನೋಡಬೇಕು. ಮೊದಲ ಆಜ್ಞೆಗೆ ತೆರಪು, ಅಡ್ಡಗೆರೆ, ಟಿ ಅಕ್ಷರವನ್ನು ಸೇರಿಸಿದರೆ ಉಪಕರಣಗಳು ಮರದ ಕೊಂಬೆಗಳಂತೆ ತೋರುತ್ತವೆ. ಪ್ರತಿಯೊಂದರ ಎದುರಿಗೆ ಚಾಲಕದ ಹೆಸರೂ ವೇಗವೂ ಇರುತ್ತವೆ. ಚಾಲಕದ ಸ್ಥಾನ ಬರಿದಾಗಿದ್ದರೆ ಕರ್ನೆಲಿಗೆ ಆ ಉಪಕರಣವನ್ನು ನಡೆಸುವ ವಿದ್ಯೆ ಗೊತ್ತಿಲ್ಲವೆಂದರ್ಥ. ಮೂರನೆಯ ಆವೃತ್ತಿಯ ಡಿಸ್ಕಿನ ವೇಗ 5000 ಎಂದಿರಬೇಕಾದಲ್ಲಿ 480 ಎಂದಿದ್ದರೆ, ಅದು ಕಪ್ಪು ದ್ವಾರದಲ್ಲಿದೆ, ಇಲ್ಲವೆ ಪ್ಲಗ್ಗು ಪೂರ್ತಿ ಒಳಹೋಗಿಲ್ಲ.

ಡಿಸ್ಕಿನೊಳಗಿನ ಬರಹ

ಐದನೆಯ ಮೆಟ್ಟಿಲು ಅತ್ಯಂತ ಅಪಾಯದ್ದು. ಏಕೆಂದರೆ ಇಲ್ಲಿ ಮಾಡಿದ ತಪ್ಪನ್ನು ತಿದ್ದಿಕೊಳ್ಳುವುದು ಕಷ್ಟ. ಎಲ್, ಎಸ್, ಬಿ, ಎಲ್, ಕೆ ಎಂಬ ಆಜ್ಞೆಗೆ ತೆರಪು, ಅಡ್ಡಗೆರೆ, ಎಫ್ ಸೇರಿಸಿದರೆ ಡಿಸ್ಕುಗಳೂ ಅವುಗಳೊಳಗಿನ ಕಡತವ್ಯವಸ್ಥೆಯ ಹೆಸರುಗಳೂ ಕಾಣುತ್ತವೆ. ನಮ್ಮ ಡಿಸ್ಕಿನ ಎದುರಿಗೆ ‘ಇಎಕ್ಸ್‌ಟಿ4’ ಎಂದಿತ್ತು. ಇದು ಲಿನಕ್ಸಿನ ಸ್ವಂತ ಕಡತವ್ಯವಸ್ಥೆ. ಕಚೇರಿಯ ಗಣಕದ ವ್ಯವಸ್ಥೆಗೆ ಈ ಬರಹವನ್ನು ಓದಲು ಬಾರದು. ತನಗೆ ಓದಲು ಬಾರದ ಪುಸ್ತಕವನ್ನು ಅದು ಖಾಲಿ ಪುಸ್ತಕವೆಂದು ತಿಳಿಯಿತು. ‘ಅಳಿಸಿ ಹೊಸದಾಗಿ ಬರೆಯಲೆ?’ ಎಂದು ವಿನಯದಿಂದಲೇ ಕೇಳಿತು. ಓದಲು ಬಾರದವನ ಕೈಗೆ ಓಲೆಗರಿಯ ಕಟ್ಟನ್ನು ಕೊಟ್ಟರೆ ಒಲೆಗೆ ಹಾಕಿಯಾನು, ಅವನಲ್ಲಿ ದುರುದ್ದೇಶವಿರಬೇಕೆಂದಿಲ್ಲ. ಗಡಿನಾಡಿನಲ್ಲಿ ಬಾಳುವ ನಮಗೆ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಆದುದರಿಂದ ಅಮೂಲ್ಯವಾದ ಡಿಸ್ಕನ್ನು ಮೊದಲು ಓದುವುದಕ್ಕಾಗಿ ಮಾತ್ರವೇ ತೆರೆಯಬೇಕು. ಜೋಡಿಸುವ ‘ಮೌಂಟ್’ ಆಜ್ಞೆಗೆ ಅಡ್ಡಗೆರೆ ಮತ್ತು ಓ ಅಕ್ಷರವನ್ನಿಟ್ಟು, ‘ಆರ್‌ಓ’ ಎಂಬ ಸೂಚನೆಯನ್ನು ಕೊಟ್ಟರೆ ಅದು ಓದುವುದಕ್ಕೆ ಮಾತ್ರ ಎಂದಾಗುತ್ತದೆ. ಆದರೆ ಇಎಕ್ಸ್‌ಟಿ4ರಲ್ಲಿ ಒಂದು ಸೂಕ್ಷ್ಮವಿದೆ. ವಿದ್ಯುತ್ತು ಹಠಾತ್ತನೆ ಕಡಿದಿದ್ದರೆ ಅರ್ಧಕ್ಕೆ ನಿಂತ ಬರವಣಿಗೆಯನ್ನು ಅದು ತನ್ನ ಒಳದಿನಚರಿಯಿಂದ ಪೂರ್ತಿಮಾಡಿಕೊಳ್ಳುತ್ತದೆ. ‘ಆರ್‌ಓ’ ಎಂದರೂ ಈ ಬರವಣಿಗೆ ನಡೆಯಬಹುದು. ಏನೊಂದನ್ನೂ ಬರೆಯಬಾರದೆಂದಿದ್ದರೆ ಅಲ್ಪವಿರಾಮವಿಟ್ಟು ‘ನೋಲೋಡ್’ ಎಂಬ ಪದವನ್ನೂ ಸೇರಿಸಬೇಕು. ನಾವು ಹೀಗೆಯೇ ಮಾಡಿ, ಎಲ್ಲ ಧ್ವನಿಮುದ್ರಣಗಳನ್ನೂ ಬೇರೊಂದು ಡಿಸ್ಕಿಗೆ ನಕಲುಮಾಡಿಕೊಂಡೆವು. ನಕಲು ಮುಗಿದ ಮೇಲೆಯೇ ಮೂಲ ಡಿಸ್ಕನ್ನು ಪರೀಕ್ಷಿಸಿ ಸರಿಪಡಿಸಿದೆವು.

ಡಿಸ್ಕು ಈ ಪಟ್ಟಿಯಲ್ಲಿ ಕಂಡರೂ ಕಡತಗಳು ಕಾಣದಿದ್ದರೆ ಅದನ್ನು ಇನ್ನೂ ಜೋಡಿಸಿಲ್ಲವೆಂದಷ್ಟೆ ಅರ್ಥವಿರಬಹುದು. ಚಿತ್ರಮಯ ತೆರೆಯಿಲ್ಲದ ಲಘು ವ್ಯವಸ್ಥೆಗಳಲ್ಲಿ ಡಿಸ್ಕು ತಾನಾಗಿ ಜೋಡಣೆಯಾಗುವುದಿಲ್ಲ. ಆರಂಭದಲ್ಲಿಯೇ ಜೋಡಿಸುವ ಏರ್ಪಾಡು ಮಾಡುವುದಾದರೆ ‘ಎಸ್‌ಡಿಎ’ ಮೊದಲಾದ ಹೆಸರುಗಳನ್ನು ನಂಬಬಾರದು. ಕಡಿದು ಮತ್ತೆ ಬಂದ ಡಿಸ್ಕಿಗೆ ‘ಎಸ್‌ಡಿಬಿ’ ಎಂಬ ಬೇರೆ ಹೆಸರು ಬರಬಹುದು. ಕಡತವ್ಯವಸ್ಥೆಗೆ ಇರುವ ಬದಲಾಗದ ಗುರುತುಸಂಖ್ಯೆಯನ್ನೇ ಬಳಸಬೇಕು. ಜೊತೆಗೆ ‘ನೋಫೇಲ್’ ಎಂಬ ಸೂಚನೆಯನ್ನಿಟ್ಟರೆ ಡಿಸ್ಕು ಬಾರದ ದಿನ ಗಣಕವು ಆರಂಭವಾಗದೆ ನಿಲ್ಲುವ ತೊಂದರೆ ತಪ್ಪುತ್ತದೆ.

ಅನುಮತಿಯೆಂಬ ಕೊನೆಯ ಮೆಟ್ಟಿಲು ಹೆಚ್ಚಾಗಿ ಅಡ್ಡಬರುವುದು ಪ್ರಯೋಗಫಲಕಗಳನ್ನು ಜೋಡಿಸಿದಾಗ. ಪಟ್ಟಿಯಲ್ಲಿ ಕಾಣುತ್ತದೆ, ಚಾಲಕವೂ ಇದೆ, ಆದರೆ ‘ಅನುಮತಿಯಿಲ್ಲ’ ಎಂದು ಉತ್ತರ ಬರುತ್ತದೆ. ಬಳಸುವವರ ಹೆಸರನ್ನು ‘ಡಯಲೌಟ್’ ಎಂಬ ಗುಂಪಿಗೆ ಸೇರಿಸಿ, ಒಮ್ಮೆ ಹೊರಹೋಗಿ ಮತ್ತೆ ಒಳಬಂದರೆ ಇದು ಪರಿಹಾರವಾಗುತ್ತದೆ.

ಉಪಸಂಹಾರ

ನಕಲು ಮುಗಿದ ಸಂಜೆ ವಾಚನಾಲಯದಲ್ಲಿ ಮಕ್ಕಳೆಲ್ಲ ಸೇರಿದ್ದರು. ಹೊರಗೆ ಮಳೆ ಸುರಿಯುತ್ತಿತ್ತು. ಸುರಂಗ ಕೊರೆದ ಆ ವೃದ್ಧರ ಧ್ವನಿಯನ್ನು ಮೊದಲು ಕೇಳಿದೆವು. ಗೋಡೆಗೆ ಕಿವಿಗೊಟ್ಟು ನೀರಿನ ಸದ್ದನ್ನು ಆಲಿಸಬೇಕು, ಅವಸರದಿಂದ ಹಾರೆ ಹಾಕಬಾರದು ಎಂದು ಅವರು ಹೇಳುತ್ತಿದ್ದರು. ಅವರ ಮೊಮ್ಮಗನು ಅಲ್ಲಿಯೇ ಕುಳಿತಿದ್ದನು. ಈಗ ಆ ಸಂಗ್ರಹದ ಮೂರು ಪ್ರತಿಗಳಿವೆ. ಒಂದು ಪ್ರತಿಯನ್ನು ಶಾಲೆಯ ಹೊರಗೆ ಇರಿಸಿದ್ದೇವೆ. ದಪ್ಪ ಕೇಬಲ್ಲಿಗೆ ಚೀಟಿ ಕಟ್ಟಿ, ‘ಇದನ್ನು ಒಯ್ಯಬಾರದು’ ಎಂದು ಬರೆದಿದ್ದೇವೆ.

ವಿದ್ಯಾರ್ಥಿಗಳು ನೆನಪಿಡಬೇಕಾದುದು ಇಷ್ಟೆ. ಯಂತ್ರವು ಒಂದನ್ನು ಗುರುತಿಸಲಿಲ್ಲವೆಂದರೆ ಅದು ಇಲ್ಲವೆಂದು ಭಾವಿಸಬೇಡಿರಿ. ಕೆಳಗಿನ ಮೆಟ್ಟಿಲಿನಿಂದ ಆರಂಭಿಸಿ ಒಂದೊಂದಾಗಿ ಪರೀಕ್ಷಿಸಿರಿ. ಯಂತ್ರವು ಬರೆದಿಟ್ಟ ಸಾಕ್ಷ್ಯವನ್ನು ಓದದೆ ತೀರ್ಪು ಕೊಡಬೇಡಿರಿ. ಹಿಂದಕ್ಕೆ ತೆಗೆದುಕೊಳ್ಳಲಾಗದ ಕೆಲಸವನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಿರಿ.

ಅಭ್ಯಾಸ

1. ಯಾವ ಉಪಕರಣವನ್ನೂ ಸಿಕ್ಕಿಸದೆ ಮೊದಲ ಆಜ್ಞೆಯನ್ನು ಕೊಟ್ಟು ಬಂದ ಸಾಲುಗಳನ್ನು ಬರೆದುಕೊಳ್ಳಿರಿ. ಬಳಿಕ ಮೌಸನ್ನು ಸಿಕ್ಕಿಸಿ ಹೊಸ ಸಾಲು ಯಾವುದೆಂದು ಗುರುತಿಸಿರಿ.

2. 28 ಗೇಜಿನ ಕೇಬಲ್ಲು ಎರಡು ಮೀಟರು ಉದ್ದವಿದ್ದು, ಫಲಕವು 0.6 ಆಂಪಿಯರ್ ಎಳೆದರೆ ಫಲಕಕ್ಕೆ ತಲಪುವ ವೋಲ್ಟೇಜು ಎಷ್ಟು? ಎಚ್ಚರಿಕೆಯ ಮಿತಿಗಿಂತ ಅದು ಮೇಲೋ ಕೆಳಗೋ?

3. ದೀಪ ಉರಿಯುತ್ತಿದೆ, ದಿನಚರಿಯಲ್ಲಿ ಒಂದು ಸಾಲೂ ಇಲ್ಲ. ಮೊದಲು ಏನನ್ನು ಬದಲಾಯಿಸುವಿರಿ? ಕಾರಣವೇನು?

4. ನಿಮ್ಮ ಮನೆಯ ಹಿರಿಯರೊಬ್ಬರ ಮಾತನ್ನು ಧ್ವನಿಮುದ್ರಿಸಿ, ಎರಡು ಬೇರೆ ಬೇರೆ ಕಡೆಗಳಲ್ಲಿ ಪ್ರತಿಯಿರಿಸಿರಿ.